ಅಕ್ಕ ಒಬ್ಬಳೇ ನಡೆದ ದಾರಿ

ನಡುರಾತ್ರಿ ಕಿಟಕಿಯ ಚಿಲಕ ಟಕಟಕ ಎನ್ನತೊಡಗಿ ತಂಗಿಯ ನಿದ್ದೆ ಹಾರಿಹೋಯಿತು. ಕಡಲ ದಂಡೆಗುಂಟ ಸಾಗುವ ಈ ಯಾತ್ರೆಯನ್ನು ಅಕ್ಕತಂಗಿಯರು ವರ್ಷಕ್ಕೊಂದಿಷ್ಟು ದೂರದಂತೆ ಜೊತೆಯಾಗಿ ನಡೆಯುತ್ತಿದ್ದರು. ನಿಲ್ಲಿಸಿದಲ್ಲಿಂದಲೇ ಮತ್ತೆ ಹೊರಡಬೇಕು. ಹೋದ ವರ್ಷ ನಿಲ್ಲಿಸಿದ್ದು ಈ ವಸತಿಗೃಹದಲ್ಲೇ. ಈ ಸಲ ಅಕ್ಕ ಮೊಣಕಾಲು ನೋವೆಂದು ಬಂದಿರಲಿಲ್ಲ.

ಚಿಲಕಕ್ಕೆ ಸಿಕ್ಕಿಸಲು ಕಾಗದ ತಂದ ಮೇಲ್ವಿಚಾರಕಿ ನಕ್ಕಳು. "ನಿಮ್ಮಕ್ಕ ಹೋದ ತಿಂಗಳು ಇದೇ ರೂಮಲ್ಲಿ ಗೊರಕೆ ಹೊಡೆದ್ರು. ನಿಮಗೇನಮ್ಮಾ, ಇಷ್ಟು ಸೂಕ್ಷ್ಮ ನಿದ್ದೆ?"

"ಅಕ್ಕನಾ? ಒಬ್ಬಳೇ ಬಂದಿದ್ಲಾ?"

"ಒಬ್ಬರೇ. ಬೆಳಿಗ್ಗೆ ಎದ್ದು ಮುಂದಕ್ಕೆ ನಡೆದೇಬಿಟ್ರು. ಜಾರ್ತೀಯ, ಅಲೆ ಬರುತ್ತೆ ಅಂತ ಹೆಜ್ಜೆಹೆಜ್ಜೆಗೂ ಅನ್ನೋರಿಲ್ಲ, ಹಾಯಾಗಿದೆ ಅಂದ್ರು." ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

ಬೆಳಿಗ್ಗೆ ಅಕ್ಕನ ಫೋನು ಬಂತು. "ಹೊರಟೆಯಾ? ಕಾಲು ನೆಟ್ಟಗಿದ್ದಿದ್ರೆ ನಾನೂ ಬರ್ತಿದ್ದೆ ಕಣೇ."

"ಕಾಲು ನೋಡ್ಕೋ ಅಕ್ಕ," ಎಂದಷ್ಟೇ ಹೇಳಿದಳು.

ದಂಡೆಯಲ್ಲಿ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಹುಷಾರು ಎಂದು ತಾನು ಎಚ್ಚರಿಸಲೂ ಪಕ್ಕದಲ್ಲೊಬ್ಬರಿಲ್ಲ. ತನಗೆ ವಿಷಯ ತಿಳಿಯಿತೆಂದು ಗೊತ್ತಾದರೆ ಅಕ್ಕ ಮುಲಾಜಿಗೆ ಬಿದ್ದು ಮುಂದಿನ ವರ್ಷ ಜೊತೆಗೆ ಬಂದೇ ಬರುತ್ತಾಳೆ. ಅಂಥ ಜೊತೆ ತಂಗಿಗೆ ಬೇಡವಾಗಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗಿಳಿಯುವಾಗ, ಇದನ್ನು ಗಂಡನೂ ಸೇರಿದಂತೆ ಯಾರಿಗೂ ಹೇಳುವುದಿಲ್ಲವೆಂದು ಅವಳು ತೀರ್ಮಾನಿಸಿದಳು.