ಹ್ಞೂಂ, ಹಾಡು ಮಗಳೇ

ಹತ್ತಿ ಸದ್ದನ್ನು ನುಂಗುತ್ತದೆ ಎಂಬುದು ಹಾಸಿಗೆ ಹೊಲಿಯುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ದೊಡ್ಡಪ್ಪ ನಲವತ್ತು ವರ್ಷ ಹತ್ತಿ ಹಿಂಜಿದವನು. ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು, ಬೀದಿಯ ಗಲಾಟೆ ಒಳಗೆ ಬರಬಾರದು ಎಂದು ತಮ್ಮನ ಮಗಳು ಹೇಳಿದ್ದೇ ತಡ, ಒಂದೇ ವಾರದಲ್ಲಿ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಾಸಿಗೆ ಹೊಲಿದು ನಿಲ್ಲಿಸಿದ. ಕಿಟಕಿಗೊಂದು, ಬಾಗಿಲಿಗೊಂದು. ಒಳಗೆ ನಿಂತರೆ ತನ್ನ ಉಸಿರು ತನಗೇ ಕೇಳಿಸುತ್ತಿತ್ತು.

ಹುಡುಗಿಯನ್ನು ಐದು ವರ್ಷದವಳಿದ್ದಾಗಿನಿಂದ ಸಾಕಿದವನು ಅವನೇ. ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸವಿತ್ತು. ಬ್ಲೀಚಿನ ಹಬೆ ಗಂಟಲಿಗಿಳಿದು ದನಿ ಒಡೆಯತೊಡಗಿದಾಗ, ಈ ಕೆಲಸ ಬಿಡು, ಇಲ್ಲವಾದರೆ ಹಾಡಿನ ಆಸೆ ಬಿಡು ಎಂದು ವೈದ್ಯರು ಹೇಳಿದರು. ಅವಳು ಕೆಲಸ ಬಿಟ್ಟಳು. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಕಟ್ಟಿದ ಎಂಟು ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ತಾನೇ ಮಾರುವುದೆಂದು ಹೊರಟಳು. ಜನ ಕೊಂಡರೆ ಮುಂದಿನ ಹಾಡು, ಕೊಳ್ಳದಿದ್ದರೆ ಮತ್ತೆ ಅದೇ ಹಬೆ.

ರೆಕಾರ್ಡ್ ಮಾಡುವಾಗ ದೊಡ್ಡಪ್ಪ ಮೂಲೆಯಲ್ಲಿ ಕೂರುತ್ತಿದ್ದ. ತುಟಿ ಬಿಚ್ಚಬೇಡ ಎಂದಿದ್ದರೂ ಮೊದಲ ದಿನವೇ ಬಾಯಿ ಜಾರಿತು. ಚಿಕ್ಕಂದಿನಲ್ಲಿ ಅವಳು ನೆಂಟರೆದುರು ನಾಚಿ ನಿಂತಾಗ ಹೇಳುತ್ತಿದ್ದ ಮಾತದು: "ಹ್ಞೂಂ, ಹಾಡು ಮಗಳೇ." ಮೊದಲ ಹಾಡಿನ ತಲೆಗೆ ಅದು ಅಂಟಿಕೊಂಡಿತು. ಅವಳು ನಕ್ಕು, ಮಾರುವ ಪ್ರತಿಯಿಂದ ಅದನ್ನು ಕತ್ತರಿಸಿ ಹಾಕಿದಳು. ದೊಡ್ಡಪ್ಪನ ಫೋನಿಗೆ ಹಾಕಿಕೊಟ್ಟ ಪ್ರತಿಯಲ್ಲಿ ಮಾತ್ರ ಉಳಿಸಿದಳು. ಬಿಡುಗಡೆಗೆ ಇನ್ನೂ ಇಪ್ಪತ್ತು ದಿನವಿದೆ, ಅಲ್ಲಿಯವರೆಗೆ ಯಾರಿಗೂ ಕೊಡಬೇಡ ಎಂದಳು. ದೊಡ್ಡಪ್ಪ ಹ್ಞೂಂ ಎಂದ. ಯಾರು ಏನು ಹೇಳಿದರೂ ಹ್ಞೂಂ ಎನ್ನುವುದು ಅವನ ರೂಢಿ.

ಕೊಡಲಿಲ್ಲ, ಕೇಳಿಸಿದ ಅಷ್ಟೆ. ಕ್ಷೌರದಂಗಡಿಯವನು ಹಳೆಯ ಗೆಳೆಯ. ಹೆಮ್ಮೆ ತಡೆಯಲಾರದೆ ಅವನ ಕೈಗೆ ಫೋನು ಕೊಟ್ಟ. ಗೆಳೆಯ ಮೂರು ಹಾಡು ಕೇಳಿ ಕಣ್ಣೊರೆಸಿಕೊಂಡ. ಆಮೇಲೆ ನೊರೆ ಹಚ್ಚಿ ಕತ್ತಿ ಎಳೆಯುತ್ತ, ಎಲ್ಲಾನೂ ನನ್ನ ಫೋನಿಗೂ ಹಾಕ್ಕೊಳ್ಳಲಾ ಅಣ್ಣಾ ಎಂದು ಕೇಳಿದ. ಕತ್ತಿ ಗಂಟಲ ಮೇಲಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ. ದೊಡ್ಡಪ್ಪ ಮೂಗಿನಲ್ಲೇ ಹ್ಞೂಂ ಎಂದ. ಫೋನು ತನ್ನ ಜೇಬಿಗೇ ವಾಪಸು ಬಂದಿದ್ದರಿಂದ, ಕೊಟ್ಟೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಬಿಡುಗಡೆಗೆ ಮೊದಲೇ ಎಂಟೂ ಹಾಡು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಜಾಗಗಳಲ್ಲಿ ಬಂದುಬಿಟ್ಟವು. ಅಕ್ಕಪಕ್ಕದವರು ಬಾಯ್ತುಂಬ ಹೊಗಳಿದರು, ಕೊಂಡಿರಾ ಎಂದು ಕೇಳಿದರೆ ಹಾಡಿಗೂ ದುಡ್ಡೇ ಎಂದು ನಕ್ಕರು. ಕೊಂಡವರು ಹನ್ನೊಂದು ಜನ. ಮಾರಿದ ಮೇಲೆ ದುಡ್ಡು ಕೊಟ್ಟರಾಯಿತು ಎಂದು ನಂಬಿ ಅವಳ ಹಾಡುಗಳಿಗೆ ನುಡಿಸಿದ್ದ ಪಿಟೀಲಿನವರು ಫೋನು ಎತ್ತುವುದನ್ನು ಬಿಟ್ಟರು. ಕದ್ದವನ ಕೈ ಸೇದಿಹೋಗಲಿ ಎಂದು ದೊಡ್ಡಪ್ಪ ಶಪಿಸಿದಾಗ ಹುಡುಗಿ ಎದ್ದು ಒಳಗೆ ಹೋದಳು.

ಒಂದು ದಿನ ಬಸ್ಸಿನಲ್ಲಿ, ಮುಂದಿನ ಸೀಟಿನ ಹೆಂಗಸಿನ ಫೋನಿನಿಂದ ಅವನದೇ ದನಿ ಬಂತು. ಹ್ಞೂಂ, ಹಾಡು ಮಗಳೇ. ಆಕೆಯ ಮಗು ಅದನ್ನೇ ಅನುಕರಿಸಿ ಕಿಲಕಿಲ ನಕ್ಕಿತು. ದೊಡ್ಡಪ್ಪ ಮುಂದಿನ ನಿಲ್ದಾಣಕ್ಕೇ ಎದ್ದು ನಿಂತ. ಇಳಿದು ನೇರ ಕ್ಷೌರದಂಗಡಿಗೆ ನಡೆದ.

ಗಿರಾಕಿಗಳ ವಾಟ್ಸ್ಯಾಪ್ ಗುಂಪಿಗೆ ತಾನೇ ಕಳಿಸಿದ್ದೆಂದು ಗೆಳೆಯ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಅಲ್ಲಿಂದ ಎಲ್ಲಿಗೆ ಹೋಯಿತೋ ಅವನಿಗೂ ತಿಳಿಯದು.

"ಊರೆಲ್ಲ ಕೇಳ್ಲಿ ಅಂತ ಹಾಕ್ದೆ. ಇದರಲ್ಲಿ ಕಳ್ಳತನ ಏನು ಬಂತು? ನಿನ್ನ ಹಾಸಿಗೆ ಎತ್ಕೊಂಡು ಹೋದ್ರೆ ನಿನಗೆ ಹಾಸಿಗೆ ಇರಲ್ಲ. ಹಾಡು ನಿನ್ನ ಫೋನಲ್ಲಿ ಇನ್ನೂ ಇದೆಯಲ್ಲಣ್ಣಾ."

ಇದೆ. ದೊಡ್ಡಪ್ಪ ಜೇಬಿನ ಫೋನು ಮುಟ್ಟಿ ನೋಡಿಕೊಂಡ. ಆದರೂ ಏನೋ ಹೋಗಿದೆ ಎಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದಾಗ ಹುಡುಗಿ ಲಾಂಡ್ರಿಯ ಹಳೇ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದ. ಅವಳು ತಲೆಯೆತ್ತಲಿಲ್ಲ.

"ಗೊತ್ತು ದೊಡ್ಡಪ್ಪ. ಮೊದಲನೇ ದಿನಾನೇ ಗೊತ್ತಾಯ್ತು. ಆ ಹ್ಞೂಂ ಇದ್ದಿದ್ದು ನಿನ್ನ ಪ್ರತೀಲಿ ಮಾತ್ರ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿ ಏನ್ಮಾಡ್ಲಿ? ನನಗಿರೋದು ನೀನೊಬ್ಬ."

ಸೋಮವಾರದಿಂದ ಅವಳು ಕೆಲಸಕ್ಕೆ ಹೋಗತೊಡಗಿದಳು. ಮೂರು ತಿಂಗಳಿಗೇ ದನಿ ಹರಿದ ಬಟ್ಟೆಯಂತಾಯಿತು. ದೊಡ್ಡಪ್ಪ ಗೋಡೆಯ ಹಾಸಿಗೆಗಳನ್ನು ಒಂದೊಂದಾಗಿ ಇಳಿಸಿ, ಹೊಲಿಗೆ ಬಿಚ್ಚಿ, ಹತ್ತಿ ಹಿಂಜಿ, ಗಿರಾಕಿಗಳಿಗೆ ಹೊಲಿದುಕೊಟ್ಟ. ಕಿಟಕಿಯದನ್ನು ಕೊನೆಗೆ ತೆಗೆದ ದಿನ ಬೀದಿಯ ಗಲಾಟೆಯೆಲ್ಲ ಒಳಗೆ ನುಗ್ಗಿತು. ಎದುರಿನ ಅಂಗಡಿಯಲ್ಲಿ ಅವಳ ಮೊದಲ ಹಾಡು ಹಾಕಿದ್ದರು.

"ದೊಡ್ಡಪ್ಪ, ಊಟಕ್ಕೆ ಬಾ," ಎಂದು ಅಡುಗೆಮನೆಯಿಂದ ಒಡಕು ದನಿ ಕರೆಯಿತು.

ಬಾಯಿಗೆ ಬಂದ ಹ್ಞೂಂ ನುಂಗಿಕೊಂಡು, ಅವನು ಎದ್ದು ಹೋದ.