ಪುಟ್ಟಿ ಹಾಕಿದ ಬಿರುಕು

ನಗರಸಭೆಯ ಕಾಮಗಾರಿ ಇಲಾಖೆಯಲ್ಲಿ ನಾನು ಪೇಂಟರ್. ರಸ್ತೆಯ ಬಿಳಿ ಪಟ್ಟೆ, ನಾಮಫಲಕ, ಕಚೇರಿಯ ಗೋಡೆ, ಎಲ್ಲಾ ನನ್ನ ಕೈಯದೇ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೇ ಒಬ್ಬ ನನ್ನ ಕೆಲಸಕ್ಕೆ ಬೆರಳು ಮಾಡಿ ತೋರಿಸಿಲ್ಲ. ಆ ಜಂಬವೇ ನನ್ನನ್ನು ಹಾಳು ಮಾಡಿತು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಅದೇ ಇಲಾಖೆಯ ಶೆಡ್ಡಿನಲ್ಲಿ ವೆಲ್ಡರ್. ಕಸದ ಲಾರಿಯಿಂದ ಹಿಡಿದು ರೋಡ್ ರೋಲರ್ ತನಕ ಏನು ಮುರಿದರೂ ಅವರ ಮುಂದೆಯೇ ಬಂದು ನಿಲ್ಲಬೇಕು. ವೆಲ್ಡಿಂಗಿಗೆ ಕರೆಂಟು ಇರುವುದು ಒಂದೇ ಮೂಲೆಯಲ್ಲಿ. ಆ ಮೂಲೆಯ ನೆತ್ತಿಯ ಮೇಲೆ ಕಾಂಕ್ರೀಟ್ ಬೀಮು, ಬೀಮಿನಲ್ಲಿ ಬೆರಳು ತೂರುವಷ್ಟು ಬಿರುಕು. ಹೋದ ವರ್ಷ ಅಲ್ಲಿಂದ ಅಂಗೈಯಗಲದ ಚೂರೊಂದು ಕಳಚಿ ಬಿದ್ದು ಭಾವನ ಹೆಲ್ಮೆಟ್ ಸೀಳಿತ್ತು. ಅವತ್ತಿನಿಂದ ಅಕ್ಕ ಸಂಜೆ ಅವರ ಬೈಕಿನ ಸದ್ದು ಕೇಳುವ ತನಕ ಬಾಗಿಲು ಬಿಟ್ಟು ಕದಲುವುದಿಲ್ಲ.

"ನಗರಸಭೆಗೆ ಹೊಸ ಕಟ್ಟಡ ಬರ್ತಿದೆ ಕಣೇ, ಅದರಲ್ಲಿ ನಮಗೆ ಹೊಸ ಶೆಡ್ಡೂ ಇದೆ" ಎಂದು ಭಾವ ಸಮಾಧಾನ ಹೇಳುತ್ತಿದ್ದರು.

ಬರುತ್ತೆ, ಬರುತ್ತೆ! ನಲವತ್ತು ಕೋಟಿ ಎಂದು ಶುರುವಾದ ಕಟ್ಟಡ ಒಂದು ಗುದ್ದಲಿ ಬೀಳುವ ಮುಂಚೆಯೇ ಅರವತ್ತಕ್ಕೆ ಹೋಯಿತು. ಮುಂದೆಲ್ಲ ಗಾಜು, ಒಳಗೊಂದು ಸಭಾಂಗಣ, ಅಧ್ಯಕ್ಷರಿಗೆ ಬೇರೆ ಲಿಫ್ಟು ಎನ್ನುತ್ತಾ ಎಂಬತ್ತೆಂಟಾಯಿತು. ಊರೆಲ್ಲ ಬಾಯಿಗೆ ಬಂದಂತೆ ಬೈಯತೊಡಗಿದ ಮೇಲೆ, ಏನು ಬೇಕು ಏನು ಬೇಡ ಎಂದು ತೀರ್ಮಾನಿಸಲು ಸದಸ್ಯರೇ ಹಳೆಯ ಶೆಡ್ಡು ನೋಡಲು ಬರುವುದೆಂದಾಯಿತು.

ದೊಡ್ಡವರು ಬರುತ್ತಾರೆ ಎಂದರೆ ನಮಗೆ ಯಾರೂ ಹೇಳಬೇಕಾಗಿಲ್ಲ, ಕೈ ತಾನಾಗಿ ಪೊರಕೆ ಹುಡುಕುತ್ತದೆ. ಮೂರು ದಿನ ನೆಲದ ಆಯಿಲ್ ಕಲೆ ಉಜ್ಜಿದೆವು. ಜೋಲುತ್ತಿದ್ದ ಬಾಗಿಲನ್ನು ಭಾವ ನೆಟ್ಟಗೆ ಮಾಡಿದರು. ನಾನು ಏಣಿ ಹತ್ತಿ ಬಿರುಕಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಎರಡು ಕೋಟು ಬಣ್ಣ ಎಳೆದೆ.

"ಎಲ್ಲಿತ್ತೋ ಅದು? ನನಗೇ ಸಿಗ್ತಿಲ್ಲವಲ್ಲೋ!" ಎಂದು ಭಾವ ಕೆಳಗಿನಿಂದ ಕೂಗಿದರು.

ನಾನು ಉಬ್ಬಿಹೋದೆ. ತೋರಿಸಬೇಕಾದದ್ದನ್ನೇ ಮುಚ್ಚುತ್ತಿದ್ದೇವೆ ಎಂದು ನಮ್ಮಿಬ್ಬರ ಮರಮಂಡೆಗೂ ಹೊಳೆಯಲಿಲ್ಲ. ನೆಂಟರು ಬರುವಾಗ ಹರಿದ ಚಾಪೆಯ ಮೇಲೆ ಜಮಖಾನ ಹಾಸುತ್ತೇವಲ್ಲ, ಹಾಗೇ ಮಾಡಿದ್ದು.

ಸದಸ್ಯರು ಬಂದರು, ಹತ್ತು ನಿಮಿಷ ಸುತ್ತಿದರು, ಟೀ ಕುಡಿದು ಹೋದರು. ಕನ್ನಡಕದ ಮೇಡಂ ಒಬ್ಬರು ಮಾತ್ರ ತಲೆಯೆತ್ತಿ ನೋಡಿ, "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ!" ಎಂದರು.

ಮುಂದಿನ ವಾರದ ಸಭೆಗೆ ನಾನು ಅರ್ಧ ದಿನ ರಜೆ ಹಾಕಿ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದೆ. ಗಾಜು ಬಿಡಲು ಒಬ್ಬರಿಗೂ ಮನಸ್ಸಿಲ್ಲ. ಲಿಫ್ಟಿನ ಮಾತೆತ್ತಿದರೆ ಅಧ್ಯಕ್ಷರ ಮುಖ ಗಂಟಾಗುತ್ತಿತ್ತು. ಆಗ ಆ ಮೇಡಂ ಎದ್ದರು. ಕೆಟ್ಟವರಲ್ಲ, ಜನರ ದುಡ್ಡು ಉಳಿಯಲಿ ಎಂಬ ಮನಸ್ಸೇ.

"ಹಳೆ ಶೆಡ್ಡನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಹೊಸದರ ಹಾಗಿದೆ. ಇನ್ನೂ ಹತ್ತು ವರ್ಷಕ್ಕೆ ಏನೂ ಆಗಲ್ಲ. ಹೊಸ ಶೆಡ್ಡನ್ನ ಕೈಬಿಡೋಣ."

ಮೇಜು ಕುಟ್ಟುವ ಸದ್ದು ಕೇಳಿ ನಾನು ಧಡಕ್ಕನೆ ಎದ್ದು ನಿಂತೆ.

"ಮೇಡಂ, ಆ ಬೀಮು ಬಿರುಕು ಬಿಟ್ಟಿದೆ!"

"ನನಗೆ ಕಾಣಲಿಲ್ಲವಲ್ಲಪ್ಪ?"

"ನಾನೇ ಮುಚ್ಚಿದ್ದು."

"ಯಾಕೆ ಮುಚ್ಚಿದೆ?"

"ನೀವು ಬರ್ತೀರಿ ಅಂತ."

ಸಭೆ ಗೊಳ್ಳೆಂದು ನಕ್ಕಿತು. ಶೆಡ್ಡಿನವರಿಗೆ ಹೊಸದರ ಆಸೆ, ಅದಕ್ಕೇ ಈ ಕಥೆ ಎಂದು ಅಧ್ಯಕ್ಷರು ಕೈ ಬೀಸಿದರು. ಕೈ ಎತ್ತಿಸಿ ಎಣಿಸಿದರು, ಹೊಸ ಶೆಡ್ಡು ಹೋಯಿತು.

"ಆ ಬೀಮನ್ನ ನನ್ನ ಗಂಡನ ತಲೆ ಮೇಲೆ ನೀನೇ ತಂದಿಟ್ಟೆಯಲ್ಲೋ" ಎಂದಳು ಅಕ್ಕ, ಸಂಜೆ ವಿಷಯ ಕೇಳಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು, ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಏಣಿ ಹಾಕಿ ಅಷ್ಟನ್ನೂ ಕೆರೆದು ತೆಗೆದೆ. ಬರಲಿ, ಫೋಟೋ ಹೊಡೆಯಲಿ, ಇಡೀ ಊರೇ ನೋಡಲಿ! ಒಳಗಿನ ಬಿರುಕು ಮೊದಲಿಗಿಂತ ಅಗಲವಾಗಿತ್ತು, ಈಗ ಎರಡು ಬೆರಳು ಹಿಡಿಸಿದವು. ಫೋಟೋ ತೆಗೆದು ಎಂಜಿನಿಯರಿಗೆ ಕೊಟ್ಟೆ. ತೀರ್ಮಾನ ಆಗಿಹೋಗಿದೆಯಲ್ಲ ಎಂದು ಅವರು ಅದನ್ನು ಫೈಲಿಗೆ ಸೇರಿಸಿದರು.

ಮೂರನೆಯ ದಿನ ಭಾವ ನನ್ನನ್ನು ಶೆಡ್ಡಿಗೆ ಕರೆದರು. ಕಸದ ಲಾರಿಯ ಅಡಿಯ ಚೌಕಟ್ಟಿಗೆ ಹಾಕಿದ ಬೆಸುಗೆ ತೋರಿಸಿದರು. ಅವರ ಕೈಯಿಂದ ಅಂಥ ಸೊಟ್ಟ ಬೆಸುಗೆ ನಾನು ಹಿಂದೆಂದೂ ಕಂಡಿರಲಿಲ್ಲ.

"ಅದನ್ನ ಮತ್ತೆ ಮುಚ್ಚಿಬಿಡೋ."

"ಏನು ಭಾವ, ಹುಚ್ಚಾ ನಿಮಗೆ?"

"ನಿಲ್ಲೋಕೆ ಬೇರೆ ಜಾಗ ಎಲ್ಲಿದೆ ಹೇಳು? ತಲೆ ಎತ್ತಿದ್ರೆ ಅದೇ ಕಾಣುತ್ತೆ, ಬೆಸುಗೆ ಮೇಲೆ ಕಣ್ಣು ನಿಲ್ಲಲ್ಲ. ಕಾಣದೇ ಇದ್ರೆ ಹೆಂಗೋ ಕೆಲಸ ಮಾಡ್ತೀನಿ."

ಅವರು ಏಣಿಯ ಬುಡ ಹಿಡಿದುಕೊಂಡರು, ನಾನು ಪುಟ್ಟಿ ಕಲಸಿಕೊಂಡು ಹತ್ತಿದೆ. ಈ ಸಲ ಒಂದು ಡಬ್ಬ ಸಾಲಲಿಲ್ಲ.