ಕೈಗೆ ಬಂದ ಮನೆ

"ಲೋ ಬೋಳೀಮಗನೆ, ನಿಮ್ಮಮ್ಮನಿಗೆ ಅರಮನೆ ಕಟ್ತಾ ಇದೀಯೇನೋ? ಒಂದೊಂದು ಟೈಲ್ಸಿಗೂ ಇಷ್ಟಿಷ್ಟು ಮಾಲು ಬಳೀತಾ ಕೂತಿದೀಯಲ್ಲ!"

ಬೈಗುಳ ಬಿದ್ದಿದ್ದು ಮೂರನೇ ಮಹಡಿ ಎಡಗಡೆ ಕೊನೇ ಮನೆಯ ಬಚ್ಚಲಿನ ಗೋಡೆಗೆ ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿಗೆ. ಬೆಚ್ಚಿಬಿದ್ದಿದ್ದು ಬಾಂಡ್ಲಿ ಹೊತ್ತು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ. ಸಿಮೆಂಟು, ಮರಳು, ನೀರು ಸೇರಿಸಿ ಕಲಸಿದ್ದಕ್ಕೆ ಕಟ್ಟಡದವರು ಮಾಲು ಅನ್ನುತ್ತಾರೆ. ಹದಿನೆಂಟು ವರ್ಷದಿಂದ ಅದನ್ನೇ ಕಲಸಿ ಕಲಸಿ ಅವಳಿಗೆ ಮಾಲಕ್ಕ ಅಂತಲೇ ಹೆಸರು ಬಿದ್ದುಹೋಗಿತ್ತು.

ಬೈದವನು ಸೂಪರ್‌ವೈಸರು. ಅವನಿಗೂ ಒಂದು ಹೆಸರು ಬಿದ್ದಿತ್ತು, ಹೆಲ್ಮೆಟ್ಟು ಅಂತ. ಆ ಬಿಳಿ ಹೆಲ್ಮೆಟ್ಟನ್ನು ಪುಣ್ಯಾತ್ಮ ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಒಳಗೆ ತಲೆ ಇದೆಯೋ ಇಲ್ಲವೋ ಅನ್ನುವ ವಿಷಯದಲ್ಲಿ ಕೆಲಸದವರು ಎರಡು ಪಂಗಡವಾಗಿದ್ದರು.

"ಇಲ್ಲಿ ನೋಡು," ಅಂತ ಹೆಲ್ಮೆಟ್ಟು ಕರಣೆ ಕಿತ್ತುಕೊಂಡು ಒಂದು ಟೈಲ್ಸಿನ ಬೆನ್ನಿಗೆ ಐದು ಮುದ್ದೆ ಇಟ್ಟ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. "ಅದುಮು, ಮುಂದಕ್ಕೆ ಹೋಗು. ಸಂಜೆಯೊಳಗೆ ಮೂರು ಬಚ್ಚಲು ಮುಗೀಬೇಕು. ಇದು ಬಡವರ ಬ್ಲಾಕು ಕಣೋ. ಆ ನನ್ಮಕ್ಕಳು ಸ್ನಾನ ಮಾಡೋದೇ ಅಪರೂಪ."

"ಒಳಗೆ ಟೊಳ್ಳಾಗುತ್ತೆ ಸಾರ್," ಅಂದ ಮೇಸ್ತ್ರಿ, ಕೆಳಗಿನ ಎರಡು ಸಾಲನ್ನು ತೋರಿಸುತ್ತಾ. ಅವೆರಡನ್ನೂ ಅವನು ಬೆನ್ನು ತುಂಬಾ ಮಾಲು ಹಚ್ಚಿ, ರಸಮಟ್ಟ ಇಟ್ಟು ನೋಡಿ ಕೂರಿಸಿದ್ದ.

"ನಿನ್ನ ಹೊಟ್ಟೆ ತುಂಬಿದೆಯಾ? ಇಲ್ಲ ತಾನೆ? ಗೋಡೆಗೆ ಯಾಕೋ ತುಂಬಬೇಕು?"

ಮೂರನೇ ಸಾಲಿನಿಂದ ಐದು ಮುದ್ದೆ ಶುರುವಾಯಿತು. ಬ್ಲಾಕಿನ ಮೊದಲ ಬಚ್ಚಲು ಅದು, ಆಮೇಲಿನ ನಲವತ್ತೇಳಕ್ಕೂ ಅದೇ ಅಳತೆ.

ನಿಜ ಹೇಳಬೇಕೆಂದರೆ ಮಾಲಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಹತ್ತು ಬಾಂಡ್ಲಿ ಹೊರುವ ಕಡೆ ಮೂರು ಬಾಂಡ್ಲಿ ಸಾಕು ಅಂದರೆ ಯಾರ ಸೊಂಟ ಬೇಡ ಅನ್ನುತ್ತದೆ? ಹೆಲ್ಮೆಟ್ಟು ಹೇಳಿದ ಅಂತ ಮರಳನ್ನೂ ಒಂದು ಕೈ ಜಾಸ್ತಿಯೇ ಹಾಕಿದಳು. ಊರ ನಡುವಿನ ದೊಡ್ಡವರ ಕಟ್ಟಡದಲ್ಲಿ ಇದೆಲ್ಲ ನಡೆಯುತ್ತಿರಲಿಲ್ಲ. ಅಲ್ಲಿ ಇಂಜಿನಿಯರು ಕೈಯಲ್ಲೊಂದು ಚಿಲ್ಲರೆ ಕಾಸು ಹಿಡಿದು ಒಂದೊಂದು ಟೈಲ್ಸನ್ನೂ ತಟ್ಟುತ್ತಾ ಬರುತ್ತಿದ್ದ. ಗಟ್ಟಿ ಸದ್ದು ಬಂದರೆ ಮುಂದಕ್ಕೆ. ಟೊಕ್ ಅಂತ ಟೊಳ್ಳು ಸದ್ದು ಬಂದರೆ ಕೆಂಪು ಸೀಮೆಸುಣ್ಣದಲ್ಲಿ ಇಂಟು ಗುರುತು. ಇಂಟು ಬಿತ್ತು ಅಂದರೆ ಕಿತ್ತು ಹೊಸದಾಗಿ ಹಾಕಬೇಕು, ಅಷ್ಟೆ. ಇಲ್ಲಿ ಕಾಸು ಹಿಡಿದು ಬರುವವರು ಯಾರೂ ಇರಲಿಲ್ಲ.

"ಪಾಪ, ಇಲ್ಲಿಗೆ ಬರೋರು ಯಾರೋ ಏನೋ," ಅಂದ ಮೇಸ್ತ್ರಿ.

"ಯಾರಾದ್ರೂ ಬರಲಿ ಬಿಡ್ರಿ, ಅವರ ಹಣೆಬರಹ," ಅಂದಳು ಮಾಲಕ್ಕ, ಬಾಂಡ್ಲಿ ಕೊಡವುತ್ತಾ.

ಅವರಿದ್ದದ್ದು ಊರ ನಡುವಿನ ಒಂದು ಓಣಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಗಂಡ, ಹೆಂಡತಿ, ಮಂಡಿ ನೋವಿನ ಅತ್ತೆ. ಆರು ವರ್ಷ ಯಾರ ಕಣ್ಣಿಗೂ ಬೀಳದ ಓಣಿ ಅದು. ಆಮೇಲೆ ಎದುರಿಗೆ ಹದಿನಾಲ್ಕು ಮಹಡಿಯ ಕಟ್ಟಡ ಎದ್ದಿತು. ಅದಕ್ಕೆ ಟೈಲ್ಸ್ ಹಾಕಿದ್ದು ಇದೇ ಮೇಸ್ತ್ರಿ, ಮಾಲು ಹೊತ್ತಿದ್ದು ಇದೇ ಮಾಲಕ್ಕ. ಕಟ್ಟಡ ಎದ್ದ ಮೇಲೆ ಓಣಿಗೆ ದೀಪ ಬಂತು, ಡಾಂಬರು ಬಂತು, ಕೊನೆಗೆ ಮನೆ ಓನರ್ರೂ ಬಂದರು.

ಓನರ್ರು ಬಲು ಸಭ್ಯಸ್ಥರು. ಒಂದು ಕೆಟ್ಟ ಮಾತು ಬಾಯಲ್ಲಿಲ್ಲ.

"ನೋಡಮ್ಮ, ನೀವೇ ಕೈಯಾರೆ ಏರಿಯಾನ ಇಷ್ಟು ಚೆನ್ನಾಗಿ ಮಾಡಿಬಿಟ್ರಿ. ಈಗ ಇದು ನಿಮಗೆ ಸರಿಹೋಗೋ ಜಾಗ ಅಲ್ಲ. ಇಲ್ಲೊಂದು ಕಾಫಿ ಅಂಗಡಿ ಮಾಡೋಣ ಅಂತಿದೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಊರ ಹೊರಗೆ ಹೋಗಿ. ಮನೆಯೂ ಅಗ್ಗ, ಗಾಳಿಯೂ ಚೆನ್ನಾಗಿದೆ. ಕೆಲಸವೂ ಈಗ ಅಲ್ಲೇ ತಾನೆ?"

"ಯಾವಾಗ ಖಾಲಿ ಮಾಡಬೇಕು ಸಾರ್?"

"ಅಯ್ಯೋ, ಅವಸರ ಏನಿಲ್ಲ. ತಿಂಗಳ ಕೊನೇ ಭಾನುವಾರ ಬಾಗಿಲು ಕೀಳೋಕೆ ಆಳು ಬರ್ತಾರೆ. ಅಷ್ಟರೊಳಗೆ ನಿಧಾನವಾಗಿ ಹೋಗಿ."

ಒಳಗಿಂದ ಅತ್ತೆ, "ಬಾಗಿಲು ಕೀಳೋವಾಗ ನನ್ನನ್ನೂ ಅದರ ಜೊತೆಗೇ ಎತ್ತಿಕೊಂಡು ಹೋಗೋಕೆ ಹೇಳು, ನಡೆಯೋ ಕಷ್ಟ ತಪ್ಪುತ್ತೆ," ಅಂದಿದ್ದು ಓನರ್ರಿಗೆ ಕೇಳಿಸಿತು. ಅವರು ಅದಕ್ಕೂ ನಕ್ಕರು.

ಬೇರೆ ದಾರಿ ಕಾಣದೆ ಗಂಡ ಹೆಂಡತಿ ಬಡವರ ಬ್ಲಾಕಿನಲ್ಲೇ ಒಂದು ಮನೆಗೆ ಅರ್ಜಿ ಹಾಕಿದರು. ಮನೆ ಹಂಚುವ ಕಚೇರಿಯ ಮೇಲೆ ದೊಡ್ಡ ಬೋರ್ಡು: 'ಕೈಗೆಟಕುವ ಮನೆ.' ಅದರಲ್ಲಿ ಒಂದು ಸಂಸಾರ ಹಲ್ಲು ಕಿರಿಯುತ್ತಾ ನಿಂತಿತ್ತು. ಅವರ ಬಟ್ಟೆ ನೋಡಿದರೆ ಬಾಡಿಗೆ ಮನೆಯನ್ನು ಕನಸಲ್ಲೂ ಕಂಡವರಲ್ಲ. ಒಳಗೆ ಸಾಹೇಬರ ಎದುರಿಗೊಂದು ಕುರ್ಚಿ ಇತ್ತು. ಮೇಸ್ತ್ರಿ ಕೂರಲು ಹೋದ.

"ತಡಿ ತಡಿ!" ಅಂತ ಸಾಹೇಬರು ಕೂಗಿಕೊಂಡರು. ಜವಾನ ಓಡಿಬಂದು ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದ. "ಹ್ಞಾಂ, ಈಗ ಕೂತ್ಕೋ. ಸಿಮೆಂಟು ಮೆತ್ತಿಕೊಂಡು ಬರ್ತಾರೆ, ದರಿದ್ರದವು. ಏನು ಕೆಲಸ?"

"ಟೈಲ್ಸ್ ಹಾಕ್ತೀನಿ ಸಾರ್. ಈ ಬ್ಲಾಕಿಗೂ ನಾನೇ..."

"ಭೇಷ್! ನೀನೇ ಹಾಕಿದ ಟೈಲ್ಸಲ್ಲಿ ನೀನೇ ಸ್ನಾನ ಮಾಡೋ ಯೋಗ. ಯಾರಿಗುಂಟು ಯಾರಿಗಿಲ್ಲ? ಚೀಟಿ ಎತ್ತು."

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚೀಟಿಗಳಿದ್ದವು. ಎತ್ತಿದ್ದು ಮಾಲಕ್ಕ, ಓದಿದ್ದು ಜವಾನ: "ಮೂರನೇ ಮಹಡಿ, ಎಡಗಡೆ ಕೊನೇ ಮನೆ."

ಮೇಸ್ತ್ರಿಯ ಮುಖದಲ್ಲಿ ರಕ್ತ ಇಂಗಿಹೋಯಿತು. ಸಂತೋಷಕ್ಕೆ ಹಾಗಾಗಿರಬೇಕು ಅಂದುಕೊಂಡು ಸಾಹೇಬರು ಅವನಿಗೆ ನೀರು ತರಿಸಿದರು.

ಮನೆ ತೋರಿಸುವ ದಿನ ಅತ್ತೆಯನ್ನು ಮೂರು ಮಹಡಿ ಹತ್ತಿಸುವಷ್ಟರಲ್ಲಿ ಗಂಡ ಹೆಂಡತಿಯ ಉಸಿರು ನಿಂತುಹೋಗುವ ಹಾಗಾಗಿತ್ತು. ಅತ್ತೆಗೆ ಮಾತ್ರ ಎಲ್ಲಿಲ್ಲದ ಹುರುಪು. ಕಿಟಕಿ ತೆಗೆದಳು, ಬಾಗಿಲು ಹಾಕಿದಳು, ಜೀವಮಾನದಲ್ಲಿ ಮೊದಲ ಸಲ ತನ್ನದೇ ಅನ್ನಬಹುದಾದ ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿ ನೋಡೋಣ ಅಂತ ಬಗ್ಗುವಾಗ ಮಂಡಿ ಹಿಡಿದುಕೊಂಡಿತು, ಆಸರೆಗೆ ಗೋಡೆಗೆ ಕೈ ಕೊಟ್ಟಳು.

ಟೈಲ್ಸು ಇಡಿಯಾಗಿ ಕೈಗೆ ಬಂತು. ಅದರ ಪಕ್ಕದ್ದು ಕಾಲ ಮೇಲೆ ಬಿತ್ತು.

"ಅಯ್ಯಯ್ಯೋ! ಕೈಗೆಟಕೋ ಮನೆ ಅಂತ ಬರೆದಿದಾರೆ, ಕೈಗೇ ಬಂತಲ್ಲೇ!" ಅತ್ತೆ ಹೆಬ್ಬೆರಳಿನಿಂದ ಸುರಿಯುತ್ತಿದ್ದ ರಕ್ತ ನೋಡಿಕೊಂಡು ಕಿರುಚಿದಳು. "ಯಾವ ಬೋಳೀಮಗ ಕಣೇ ಇದನ್ನ ಅಂಟಿಸಿದ್ದು? ಅವನ ಕೈ ಸೇದಿಹೋಗ!"

ಮಾಲಕ್ಕ ಬಿದ್ದಿದ್ದನ್ನು ಎತ್ತಿ ತಿರುಗಿಸಿದಳು. ಟೈಲ್ಸಿನ ಬೆನ್ನಿಗೆ ಐದು ಮುದ್ದೆ. ಮುಟ್ಟಿದರೆ ಉದುರುವ ಹಾಗೆ ಬರೀ ಮರಳು.

"ನಿಮ್ಮ ಮಗನೇ ಅತ್ತೆ," ಅಂದಳು ಮಾಲಕ್ಕ. "ಮಾಲು ಕಲಸಿದ್ದು ನಾನು."

ಅತ್ತೆಯ ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು. ಹಾಗಾಗಿ ಅವಳು ಬೈದ ಬೈಗುಳದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಷ್ಟೇ ಅಲ್ಲ, ನಿಮ್ಮಮ್ಮನಿಗೆ ಅರಮನೆ ಕಟ್ತಾ ಇದೀಯೇನೋ ಅಂತ ಆವತ್ತು ಹೆಲ್ಮೆಟ್ಟು ಇದೇ ಬಚ್ಚಲಲ್ಲಿ ನಿಂತು ಕೇಳಿದ್ದಕ್ಕೆ ಹೌದು ಸಾರ್ ಅನ್ನಬೇಕಾಗಿತ್ತು.

ಮೇಸ್ತ್ರಿ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಎರಡು ಸಾಲನ್ನು ಸವರಿದ. ಅವು ಕಲ್ಲಿನ ಹಾಗೆ ನಿಂತಿದ್ದವು. "ಇವೆರಡು ಬೈಸಿಕೊಳ್ಳೋಕೆ ಮುಂಚಿನವು ಕಣವ್ವ," ಅಂದ.

ಅಲ್ಲಿಂದಲೇ ಎದ್ದು ಹೆಲ್ಮೆಟ್ಟನ್ನು ಹುಡುಕಿಕೊಂಡು ಹೋದ. ಹೋದಷ್ಟೇ ಬೇಗ ತಿರುಗಿ ಬಂದ.

"ಏನಂದ?"

"ಹಾಕಿದೋನು ನೀನು, ಕೂತು ಅನುಭವಿಸು ಅಂದ. ಬಾಯಿ ಬಿಟ್ರೆ ಮುಂದಿನ ಬ್ಲಾಕಲ್ಲಿ ಕೆಲಸ ಇಲ್ಲವಂತೆ, ಈ ಮನೆಯೂ ಇಲ್ಲವಂತೆ." ಮೇಸ್ತ್ರಿ ದನಿ ಇಳಿಸಿದ. "ಹೋಗಲಿ ಬಿಡೇ. ನಮ್ಮದನ್ನ ನಾವೇ ಕಿತ್ತು ಸರಿಯಾಗಿ ಹಾಕ್ಕೊಳ್ಳೋಣ. ಯಾರಿಗೂ ಗೊತ್ತಾಗಲ್ಲ."

"ಮತ್ತೆ ಉಳಿದ ನಲವತ್ತೇಳು ಮನೆ?"

"ಅವರ ಹಣೆಬರಹ."

ಆ ಮಾತು ಮಾಲಕ್ಕನ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅದು ಅವಳದೇ ಮಾತು. ಹಣೆಯ ಮೇಲೆ ಬರೆದಿದ್ದು ಯಾವ ದೇವರೂ ಅಲ್ಲ, ತಾನು ಬಾಂಡ್ಲಿಯಲ್ಲಿ ಕಲಸಿ ಕೊಟ್ಟಿದ್ದನ್ನು ಗಂಡ ಕರಣೆಯಲ್ಲಿ ಬರೆದಿದ್ದ. ಎರಡು ದಿನ ಅತ್ತೆಯ ಬೆರಳಿಗೆ ಬಟ್ಟೆ ಸುತ್ತುವಾಗಲೆಲ್ಲ ಅವಳಿಗೆ ಅದೇ ಮಾತು ಕೇಳಿಸುತ್ತಿತ್ತು.

ಬೀಗದ ಕೈ ಕೊಡುವ ದಿನ ಬಂತು. ಅದೇ ಕೊನೇ ಭಾನುವಾರ. ಓಣಿಯ ಮನೆಗೆ ಬೆಳಿಗ್ಗೆಯೇ ಬಾಗಿಲು ಕೀಳುವ ಆಳುಗಳು ಬಂದಿದ್ದರು. ಮಂಚ, ಪಾತ್ರೆ, ಹಾಸಿಗೆ ಸುರುಳಿ, ಅತ್ತೆ, ಎಲ್ಲವನ್ನೂ ಹೇರಿಕೊಂಡ ಟೆಂಪೋ ಬ್ಲಾಕಿನ ಮುಂದೆ ನಿಂತಿತ್ತು. ತಿರುಗಿ ಹೋಗಲು ಮನೆ ಇಲ್ಲ, ಮುಂದಕ್ಕೆ ಹೋಗಲು ಬೀಗದ ಕೈ ಬೇಕು. ಹಾಗೆ ನಲವತ್ತೆಂಟು ಸಂಸಾರಗಳು ಕಾದಿದ್ದವು.

ಸಾಹೇಬರು ಬರುವ ಮೊದಲು ಎಲ್ಲ ಮನೆಗಳ ಬಾಗಿಲು ತೆಗೆದು ಗುಡಿಸಿಡಬೇಕು ಅಂತ ಹೆಲ್ಮೆಟ್ಟು ಮಾಲಕ್ಕನಿಗೇ ಹೇಳಿದ್ದ. ಅವಳು ಹೊತ್ತು ಮೂಡುವ ಮುಂಚೆಯೇ ಎಲ್ಲರಿಗಿಂತ ಮೊದಲು ಬಂದು ಹತ್ತಿಹೋಗಿದ್ದಳು. ಪೊರಕೆ ಒಂದು ಕೈಯಲ್ಲಿತ್ತು. ಸೆರಗಿನ ಗಂಟಿನಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ.

ಸಾಹೇಬರು ರಿಬ್ಬನ್ನು ಕತ್ತರಿಸಿ, ಬಡವರ ಕಷ್ಟ ತಮಗೆ ಗೊತ್ತು ಅಂತ ಮೂರು ಸಲ ಹೇಳಿ, ಫೋಟೋದವನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ಮೊದಲನೇ ಮನೆಯ ಬಚ್ಚಲಿಗೆ ಇಣುಕಿದರು. ಗೋಡೆಯ ತುಂಬಾ ಕೆಂಪು ಇಂಟುಗಳು. ಎರಡನೇ ಮನೆಯಲ್ಲೂ ಇಂಟು, ಮೂರನೇ ಮನೆಯಲ್ಲೂ ಇಂಟು.

"ಭಾಳ ಚೆನ್ನಾಗಿದೆ ಕಣ್ರೀ ಡಿಸೈನು!" ಅಂದರು ಸಾಹೇಬರು. "ಇದೇನು ಹೊಸ ನಮೂನೆಯಾ? ಬಡವರಿಗೂ ಕಲೆ ಬೇಕು ನೋಡಿ."

ಫೋಟೋದವನು ನಾಲ್ಕು ಫೋಟೋ ಹೊಡೆದ. ಹೆಲ್ಮೆಟ್ಟಿಗೆ ಇಂಟು ಅಂದರೇನು ಅಂತ ಗೊತ್ತಿತ್ತು. ಅವನಿಗೆ ನಿಂತಲ್ಲೇ ಬೆವರು ಕಿತ್ತುಕೊಂಡಿತು.

ಮೂರನೇ ಮಹಡಿ, ಎಡಗಡೆ ಕೊನೇ ಮನೆ. ಮಾಲಕ್ಕ ಬಚ್ಚಲಲ್ಲಿ ನಿಂತಿದ್ದಳು. ಮೇಸ್ತ್ರಿಯೂ ಜೊತೆಗಿನ ಕೆಲಸದವರೂ ಬೇರೆ ಮನೆಗಳವರೂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು ಬಾಗಿಲಲ್ಲಿಳಿಸಿದ್ದರು. ಸಾಹೇಬರು ಒಂದು ಕಾಗದ ಚಾಚಿದರು.

"ಇಲ್ಲೊಂದು ಸಹಿ ಹಾಕಮ್ಮ. ಎಲ್ಲವನ್ನೂ ಕಣ್ಣಾರೆ ನೋಡಿ ಒಪ್ಪಿಕೊಂಡಿದ್ದೇನೆ ಅಂತ. ಸಹಿ ಹಾಕಿದ್ರೆ ಬೀಗದ ಕೈ."

"ಕಣ್ಣಾರೆ ನೋಡಿದ್ದಾಯ್ತು ಸಾಹೇಬ್ರೆ. ಕಿವಿಯಾರೆ ಕೇಳಿಬಿಡಿ ಒಂದ್ಸಲ," ಅಂದಳು ಮಾಲಕ್ಕ.

ಸೆರಗಿನ ಗಂಟಿನಿಂದ ಕೆಂಪು ಸೀಮೆಸುಣ್ಣ, ಒಂದು ಕಾಸು ತೆಗೆದು, ಕಾಸಿನಿಂದ ಗೋಡೆಯ ಬುಡಕ್ಕೆ ತಟ್ಟಿದಳು. ಗಟ್ಟಿ ಸದ್ದು. "ಇದು ಬೈಗುಳಕ್ಕೆ ಮುಂಚಿನದು." ಮೇಲಕ್ಕೆ ತಟ್ಟಿದಳು. ಟೊಕ್. "ಇದು ಬೈಗುಳ ಆದಮೇಲಿನದು." ಟೊಕ್. ಟೊಕ್. "ದೊಡ್ಡವರ ಕಟ್ಟಡದಲ್ಲಿ ಇಂಥಾದ್ದಕ್ಕೆ ಇಂಟು ಹಾಕಿ ಕೀಳಿಸ್ತಾರೆ. ಹಾಕಿದೋರು ನಾವೇ, ಕಳ್ಳ ಮಾಲು ಕಲಸಿದೋಳು ನಾನೇ. ಹಾಕಿಸಿದೋನು ಇವನು. ಕಿತ್ತು ಹಾಕಿಸಿ, ಆಮೇಲೆ ಸಹಿ."

"ಇವಳೊಬ್ಬಳ ಮನೆ ಕ್ಯಾನ್ಸಲ್!" ಸಾಹೇಬರು ಕೆಂಪಾದರು. "ನಡೀರಿ, ಪಕ್ಕದ್ದು ತೋರಿಸಿ."

ಪಕ್ಕದ ಮನೆಯಲ್ಲಿ ಯಾರೋ ಆಗಲೇ ತಟ್ಟುತ್ತಿದ್ದರು. ಟೊಕ್. ಕೆಳಗಿನ ಮಹಡಿಯಲ್ಲೂ ಟೊಕ್. ಎಲ್ಲರ ಹತ್ತಿರವೂ ಒಂದೊಂದು ಚಿಲ್ಲರೆ ಕಾಸಾದರೂ ಇದ್ದೇ ಇತ್ತು. ನೋಡನೋಡುತ್ತಾ ಕಟ್ಟಡಕ್ಕೆ ಕಟ್ಟಡವೇ ಟೊಕ ಟೊಕ ಅನ್ನತೊಡಗಿತು.

"ಏಯ್ ಹಾದರಗಿತ್ತಿ, ಅಳಿಸೇ ಅದನ್ನ!" ಹೆಲ್ಮೆಟ್ಟು ನುಗ್ಗಿಬಂದು ಅವಳ ಕೈ ತಿರುಚಿದ. ಸೀಮೆಸುಣ್ಣ ಕೆಳಗೆ ಬಿತ್ತು. ಮೇಸ್ತ್ರಿ ಎರಡು ದಿನದಿಂದ ನೆಲ ನೋಡುತ್ತಿದ್ದವನು, ಬಗ್ಗಿ ಅದನ್ನು ಎತ್ತಿಕೊಂಡ. ನೆಟ್ಟಗೆ ಹೋಗಿ ಹೆಲ್ಮೆಟ್ಟಿನ ರಟ್ಟೆ ಹಿಡಿದು ಹೆಂಡತಿಯ ಕೈ ಬಿಡಿಸಿದ. ಸೀಮೆಸುಣ್ಣವನ್ನು ಅವಳ ಅಂಗೈಯಲ್ಲಿಟ್ಟ.

ಮಾಲಕ್ಕ ಎದುರಿಗಿದ್ದ ಬಿಳಿ ಹೆಲ್ಮೆಟ್ಟನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಿಧಾನವಾಗಿ ಕಾಸಿನಿಂದ ಅದನ್ನು ತಟ್ಟಿದಳು.

ಟೊಕ್.

"ಏನು ಕೇಳಿಸ್ತು ಅತ್ತೆ?"

"ಟೊಳ್ಳು!" ಅಂತ ಅತ್ತೆ ಬಾಗಿಲಿಂದ ಕೂಗಿದಳು. ಒಳಗೆ ತಲೆ ಇಲ್ಲ ಅನ್ನುವ ಪಂಗಡದವರು ಗೆದ್ದ ಹಾಗೆ ಹುಯ್ಯಲೆಬ್ಬಿಸಿದರು.

ಮಾಲಕ್ಕ ಬಿಳಿಯ ಮೇಲೆ ಕೆಂಪಾಗಿ, ದೊಡ್ಡದಾಗಿ, ಅಂಚಿನಿಂದ ಅಂಚಿಗೆ ಇಂಟು ಎಳೆದಳು. ಕೆಳಗೆ ಟೆಂಪೋದವನು ಹಾರನ್ ಹೊಡೆಯುತ್ತಲೇ ಇದ್ದ. ಸಾಮಾನು ಇಳಿಸುವುದೋ ಬೇಡವೋ ಅಂತ ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಬೀಗದ ಕೈಗಳ ಗೊಂಚಲು ಸಾಹೇಬರ ಕೈಯಲ್ಲೇ ಇತ್ತು, ಅದಕ್ಕೆ ಯಾರೂ ಕೈ ಚಾಚಲಿಲ್ಲ.

"ಸೀಮೆಸುಣ್ಣ ಇನ್ನೂ ಇದೆಯೇನೇ?" ಅಂದಳು ಅತ್ತೆ. "ಸಾಹೇಬ್ರದು ಒಂದು ಬಾಕಿ ಇದೆಯಲ್ಲ."

ಸಾಹೇಬರ ಕೈಯಿಂದ ಗೊಂಚಲು ಜಾರಿ ಬಚ್ಚಲಿನ ನೆಲಕ್ಕೆ ಬಿತ್ತು. ಅವರು ಎರಡೂ ಕೈಗಳಿಂದ ತಮ್ಮ ತಲೆ ಮುಚ್ಚಿಕೊಂಡರು.